ಆರು ಅಡಿ ಮೀನಿನ ಟ್ಯಾಂಕ್: ಮೊದಲು ನೀರು, ಆಮೇಲೆ ತೂಕ, ಕೊನೆಗೆ ಮೀನು

ನಮ್ಮ ಮನೆಯ ಬೋರ್‌ವೆಲ್ ನೀರು ವಿಪರೀತ ಗಡಸು. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಸ್ಟೀಲ್ ನಲ್ಲಿಗಳನ್ನು ಒರೆಸದೆ ಬಿಟ್ಟರೆ ಸುಣ್ಣ ಬಳಿದ ಹಾಗೆ ಕಾಣುತ್ತವೆ. ಇಂಥ ನೀರಿನಲ್ಲಿ ಡಿಸ್ಕಸ್, ಕಾರ್ಡಿನಲ್ ಟೆಟ್ರಾ ಅಂತ ಅಮೆಜಾನ್ ಕಡೆಯ ಮೃದು ನೀರಿನ ಮೀನು ಸಾಕಲು ಹೊರಟರೆ ಆರ್‌ಒ ಯಂತ್ರ ಇಡಬೇಕು, ವಾರವಾರವೂ ನೂರಾರು ಲೀಟರ್ ಸೋಸಬೇಕು, ಸೋಸಿ ಉಳಿದದ್ದನ್ನು ಮೋರಿಗೆ ಬಿಡಬೇಕು. ನೀರಿಗೆ ಬರ ಇರುವ ಬೆಂಗಳೂರಿನಲ್ಲಿ ಅದು ನನಗೆ ಒಗ್ಗಲಿಲ್ಲ. ಹಾಗಾಗಿ ಇರುವ ನೀರಿಗೆ ತಕ್ಕ ಮೀನನ್ನೇ ಹುಡುಕಿದೆ. ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಸಿಕ್ಲಿಡ್‌ಗಳಿಗೆ, ಹವ್ಯಾಸಿಗಳು ‘ಎಂಬೂನ’ ಅನ್ನುವ ಗುಂಪಿಗೆ, ಗಡಸು ನೀರೇ ಬೇಕು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.8ರಿಂದ 8.6ರ ನಡುವೆ ಇದ್ದರೆ ಅವು ಆರಾಮಾಗಿರುತ್ತವೆ. ಬೋರ್ ನೀರಿನ ಪಿಎಚ್ ಅಳೆಯುವವರು ಒಂದು ವಿಷಯ ಗಮನಿಸಿ: ನೆಲದಿಂದ ಆಗಷ್ಟೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದರಿಂದ ಅಂಕಿ ಕಡಿಮೆ ತೋರಿಸುತ್ತದೆ. ಬಕೆಟ್‌ನಲ್ಲಿ ಏರ್ ಸ್ಟೋನ್ ಹಾಕಿ ಒಂದು ದಿನ ಗುಳುಗುಳು ಆಡಿಸಿ ಆಮೇಲೆ ಅಳೆದರೆ ನಿಜವಾದ ಲೆಕ್ಕ ಸಿಗುತ್ತದೆ.

ಈ ಮೀನುಗಳು ಜಗಳಗಂಟಿಗಳು. ಚಿಕ್ಕ ಟ್ಯಾಂಕ್‌ನಲ್ಲಿ ಒಂದು ಗಂಡು ಉಳಿದವನ್ನೆಲ್ಲ ಮೂಲೆಗೆ ಒತ್ತಿಬಿಡುತ್ತದೆ. ಅವಕ್ಕೆ ಎತ್ತರಕ್ಕಿಂತ ಉದ್ದ ಮುಖ್ಯ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂದು ತೀರ್ಮಾನಿಸಿದೆ. ಹೊರ ಅಳತೆಯಲ್ಲಿ ಅದು 680 ಲೀಟರ್. ಗಾಜಿನ ದಪ್ಪ, ಮೇಲೆ ಬಿಡುವ ಜಾಗ ಕಳೆದರೆ 590 ಲೀಟರ್ ಹತ್ತಿರ, ಕಲ್ಲು ಮರಳು ತುಂಬಿದ ಮೇಲೆ ಇನ್ನೂ ಕಡಿಮೆ.

ಗಾಜಿನ ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ತೂಕ ಬರೆದುಕೊಂಡೆ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ, ಐದು ಹಲಗೆ ಸೇರಿ 120 ಕೆ.ಜಿ. ಚಿಲ್ಲರೆ. ನೀರು, ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್, ಸ್ಟ್ಯಾಂಡಿನೊಳಗೆ ಕೆಳಗಿಡುವ ಫಿಲ್ಟರ್ ತೊಟ್ಟಿ (ಸಂಪ್) ಎಲ್ಲ ಸೇರಿದರೆ ಒಂದು ಟನ್ ಹತ್ತಿರ. ಅದೆಲ್ಲ ಕೂರುವುದು 12 ಚದರ ಅಡಿ ಜಾಗದ ಮೇಲೆ. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರದ ಲೆಕ್ಕದಲ್ಲಿ ಕಟ್ಟುತ್ತಾರೆ, ಇದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಮಹಡಿ ಮನೆಯವರು ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಇಡಬಾರದು, ಬೀಮ್ ಎಲ್ಲಿದೆ ಎಂದು ಊಹಿಸಿ ಇಡುವುದೂ ಸರಿಯಲ್ಲ. ನಮ್ಮದು ನೆಲ ಅಂತಸ್ತು, ಅದರಲ್ಲೂ ಗೋಡೆಗೆ ಒತ್ತಿದ ಜಾಗ. ಆದರೂ ಸ್ಟ್ಯಾಂಡಿನ ಆರು ಕಾಲುಗಳ ಅಡಿಯಲ್ಲಿ ಕಬ್ಬಿಣದ ಪ್ಲೇಟ್ ವೆಲ್ಡ್ ಮಾಡಿಸಿದೆ. ಇಲ್ಲದಿದ್ದರೆ ಭಾರವೆಲ್ಲ ಒಂದೊಂದು ಟೈಲ್ಸಿನ ಮೇಲೆ ಬಿದ್ದು ಬಿರುಕು ಬಿಡುತ್ತದೆ.

ಸ್ಟ್ಯಾಂಡಿಗೆ 50 ಮಿ.ಮೀ. ಚೌಕದ ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್, ಪೈಪಿನ ತಗಡಿನ ದಪ್ಪ 3 ಮಿ.ಮೀ. ಭಾರ ಕಾಲಿನ ಮೇಲೆ ನೇರವಾಗಿ ಇಳಿಯಬೇಕು, ಅಂದರೆ ಅಡ್ಡ ಪೈಪ್ ಕಾಲಿನ ತಲೆಯ ಮೇಲೆ ಕೂರಬೇಕು, ಪಕ್ಕಕ್ಕೆ ಅಂಟಬಾರದು. “ಪಕ್ಕಕ್ಕೆ ಹಾಕಿದ್ರೂ ವೆಲ್ಡಿಂಗ್ ಹಿಡ್ಕೊಳುತ್ತೆ ಬಿಡಿ ಸಾರ್” ಅಂದ ವೆಲ್ಡರ್. ಹಿಡಿದುಕೊಳ್ಳಬಹುದು, ಆದರೆ ಒಂದು ಟನ್ ಭಾರವನ್ನು ವರ್ಷಗಟ್ಟಲೆ ವೆಲ್ಡಿಂಗ್ ಹೊಲಿಗೆಯ ಮೇಲೆ ತೂಗು ಹಾಕುವ ಧೈರ್ಯ ನನಗಿರಲಿಲ್ಲ. ಮೇಲೆ ರೆಡ್ ಆಕ್ಸೈಡ್, ಎರಡು ಕೋಟ್ ಎನಾಮೆಲ್, 18 ಮಿ.ಮೀ. ಮರೈನ್ ಪ್ಲೈ, ಅದರ ಮೇಲೆ ಥರ್ಮೋಕೋಲ್ ಹಾಳೆ. ಪ್ಲೈ ಮೇಲಿನ ಸಣ್ಣ ಉಬ್ಬುತಗ್ಗನ್ನು ಥರ್ಮೋಕೋಲ್ ನುಂಗಿಕೊಳ್ಳುತ್ತದೆ. ಅದಿಲ್ಲದೆ ಒಂದೇ ಒಂದು ಮರಳಿನ ಕಾಳು ಅಡಿಗಾಜಿನ ಕೆಳಗೆ ಸಿಕ್ಕಿದರೂ ಗಾಜು ಅಲ್ಲಿಂದಲೇ ಸೀಳಬಹುದು. ಮಟ್ಟವನ್ನು ರಸಮಟ್ಟದಲ್ಲಿ ನೋಡಿದ ಮೇಲೂ ಗಾರೆಯವರ ಟ್ಯೂಬ್ ಲೆವೆಲ್ ಇಟ್ಟು ಎರಡು ತುದಿ ಹೋಲಿಸಿದೆ. ಆರಡಿ ಉದ್ದಕ್ಕೆ ಟ್ಯೂಬನ್ನೇ ನಾನು ನಂಬುವುದು.

ಇನ್ನು ಗಾಜು. ನೀರಿನ ಒತ್ತಡಕ್ಕೆ ಟ್ಯಾಂಕಿನ ಉದ್ದದ ಹಂಗಿಲ್ಲ, ಅದು ಎತ್ತರದ ಮೇಲೆ ನಿಂತಿದೆ. 56 ಸೆಂ.ಮೀ. ನೀರು ನಿಂತಾಗ ನನ್ನ ಮುಂದಿನ ಗಾಜಿನ ಮೇಲೆ ಬೀಳುವ ಒಟ್ಟು ತಳ್ಳು ಸುಮಾರು 280 ಕೆ.ಜಿ. ಅದೇ ನೀರನ್ನು 75 ಸೆಂ.ಮೀ.ಗೆ ಏರಿಸಿದರೆ 500 ಕೆ.ಜಿ. ದಾಟುತ್ತದೆ, ಏಕೆಂದರೆ ತಳ್ಳು ಎತ್ತರದ ವರ್ಗದಲ್ಲಿ ಬೆಳೆಯುತ್ತದೆ. ‘ಇನ್ನೊಂದು ಅರ್ಧ ಅಡಿ ಎತ್ತರ ಇರಲಿ, ನೋಡೋಕೆ ಚೆನ್ನ’ ಅನ್ನುವವರು ಈ ಲೆಕ್ಕ ಹಾಕಿ ನೋಡಲಿ.

ಅಂಗಡಿಯವರು “ಟಫನ್ಡ್ ಹಾಕ್ಸಿ ಸಾರ್, ಗಟ್ಟಿ” ಅಂದರು. ಗಟ್ಟಿ ಹೌದು. ಆದರೆ ಟಫನ್ ಮಾಡಿದ ಮೇಲೆ ಅದನ್ನು ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ, ಒಡೆದರೆ ಇಡೀ ಹಲಗೆ ಒಮ್ಮೆಗೇ ಹರಳು ಹರಳಾಗಿ ಉದುರುತ್ತದೆ. ಮಾಮೂಲಿ ಫ್ಲೋಟ್ ಗಾಜು ಸಾಮಾನ್ಯವಾಗಿ ಮೊದಲು ಬಿರುಕು ಬಿಡುತ್ತದೆ, ಬಕೆಟ್ ತರಲು ಸಮಯ ಕೊಡುತ್ತದೆ. ನಾನು ಫ್ಲೋಟ್ ತೆಗೆದುಕೊಂಡೆ. ಕತ್ತರಿಸಿದ ಅಳತೆ: ಅಡಿಗಾಜು 1830 x 610 ಮಿ.ಮೀ., ಮುಂದೆ ಹಿಂದೆ 1830 x 600, ಪಕ್ಕದ ಎರಡು 582 x 600. ಪಕ್ಕದ ಗಾಜು ಮುಂದಿನ ಮತ್ತು ಹಿಂದಿನ ಗಾಜಿನ ನಡುವೆ ನಿಲ್ಲುವುದರಿಂದ 610ರಲ್ಲಿ ಎರಡು ದಪ್ಪ 24 ಕಳೆದು, ಎರಡೂ ಜೋಡಣೆಯ ಸಿಲಿಕೋನಿಗೆ ಎರಡೆರಡು ಮಿ.ಮೀ. ಬಿಟ್ಟದ್ದು. ಈ 2 ಮಿ.ಮೀ. ಬಿಡದೆ ಗಾಜಿಗೆ ಗಾಜು ಒತ್ತಿದರೆ ಸಿಲಿಕೋನೆಲ್ಲ ಹೊರಗೆ ಹೋಗುತ್ತದೆ, ಒಳಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಪೈಪ್ ಹಾಯಲು ಹಿಂದಿನ ಗಾಜಿಗೆ ಬೇಕಾದ ತೂತುಗಳನ್ನು ಅಂಗಡಿಯಲ್ಲೇ ಡೈಮಂಡ್ ಬಿಟ್‌ನಿಂದ ನೀರು ಸುರಿಯುತ್ತ ಕೊರೆಸಿದೆ. ತೂತಿಗೆ ಪೈಪ್ ಜೋಡಿಸುವ ಟ್ಯಾಂಕ್ ನಿಪ್ಪಲ್ ಮೊದಲೇ ಕೊಂಡು, ಅದರ ತಿರುಪಿನ ಹೊರ ಅಗಲ ಅಳೆದು ತೂತಿನ ಅಳತೆ ಹೇಳಿ. ‘ಒಂದಿಂಚಿನ ನಿಪ್ಪಲ್’ ಒಂದಿಂಚಿನ ತೂತಿಗೆ ಹೋಗುವುದಿಲ್ಲ.

ಸಿಲಿಕೋನ್ ವಿಷಯದಲ್ಲಿ ಒಂದೇ ನಿಯಮ: ಟ್ಯೂಬ್ ಮೇಲೆ ಫಂಗಸ್ ನಿರೋಧಕ, ಬಾತ್‌ರೂಮ್, ಸ್ಯಾನಿಟರಿ ಎಂದು ಇದ್ದರೆ ಬೇಡ, ಆ ಮದ್ದು ಮೀನಿಗೆ ವಿಷ. ವಿನಿಗರ್ ವಾಸನೆ ಬರುವ, ಬೇರೇನೂ ಬೆರೆಸದ ಸಿಲಿಕೋನ್ ಬೇಕು. ಅಂಚುಗಳನ್ನು ಅಸಿಟೋನ್‌ನಲ್ಲಿ ಒರೆಸಿ, ಎರಡೂ ಬದಿ ಮಾಸ್ಕಿಂಗ್ ಟೇಪ್ ಹಚ್ಚಿ, ನಾನೂ ನನ್ನ ಭಾವಮೈದನೂ ಒಂದೊಂದು ಗನ್ ಹಿಡಿದು ಎರಡು ಕಡೆಯಿಂದ ಎಳೆದೆವು. ಹತ್ತು ನಿಮಿಷದಲ್ಲಿ ಮೇಲೆ ಪೊರೆ ಕಟ್ಟಲು ಶುರುವಾಗುತ್ತದೆ, ಅಷ್ಟರೊಳಗೆ ಬೆರಳಿನಿಂದ ತೀಡಿ ಟೇಪ್ ಕಿತ್ತುಬಿಡಬೇಕು. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಅರ್ಧಕ್ಕೆ ಬಿಟ್ಟು ಊಟಕ್ಕೆ ಏಳುವ ಕೆಲಸವಲ್ಲ. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವುದು, ಮಳೆಗಾಲವೆಂದು ಹೆದರಬೇಕಿಲ್ಲ. ಮೇಲಂಚಿಗೆ ಮೂರಿಂಚಿನ ಗಾಜಿನ ಪಟ್ಟಿ ಸುತ್ತಲೂ, ನಡುವೆ ಒಂದು ಅಡ್ಡಪಟ್ಟಿ. ಇಷ್ಟಾದ ಮೇಲೆ ಒಂದು ವಾರ ಮುಟ್ಟಲಿಲ್ಲ. ಆಮೇಲೆ ಕಾಲು, ಅರ್ಧ, ಪೂರ್ತಿ ಎಂದು ನೀರು ತುಂಬಿ, ಅಂಚಿನುದ್ದಕ್ಕೂ ಟಿಶ್ಯೂ ಪೇಪರ್ ಎಳೆದು ತೇವ ನೋಡಿದೆ. ಟ್ಯಾಂಕನ್ನು ಸ್ಟ್ಯಾಂಡಿನ ಮೇಲೆಯೇ ಕಟ್ಟಿದ್ದರಿಂದ ಎತ್ತುವ ರಗಳೆ ಇರಲಿಲ್ಲ.

ಫಿಲ್ಟರಿಗೆ ಸಂಪ್: ಮೇಲಿನ ನೀರು ಓವರ್‌ಫ್ಲೋ ಪೆಟ್ಟಿಗೆಯಿಂದ ಯುಪಿವಿಸಿ ಪೈಪಿನಲ್ಲಿ ಕೆಳಗಿಳಿದು, ಸ್ಪಂಜು ಮತ್ತು ಸೆರಾಮಿಕ್ ಚೂರುಗಳ ಮೂಲಕ ಹಾದು, ಪಂಪಿನಿಂದ ಮೇಲೆ ಹೋಗುತ್ತದೆ. ಇಳಿಯಲು ಎರಡು ಪೈಪ್. ಒಂದಕ್ಕೆ ವಾಲ್ವ್, ಅದನ್ನು ಸ್ವಲ್ಪ ಬಿಗಿದರೆ ಗೊರಗೊರ ಸದ್ದು ನಿಲ್ಲುತ್ತದೆ. ಇನ್ನೊಂದು ಆಪತ್ತಿಗೆ, ಅದಕ್ಕೆ ಯಾವ ವಾಲ್ವೂ ಇಲ್ಲ. ಮುಖ್ಯವಾದ ಪ್ರಶ್ನೆ, ಕರೆಂಟ್ ಹೋದಾಗ ಏನಾಗುತ್ತದೆ ಎನ್ನುವುದು. ಪಂಪ್ ನಿಂತ ತಕ್ಷಣ ಮೇಲಿನ ನೀರು ಓವರ್‌ಫ್ಲೋ ಅಂಚಿನವರೆಗೆ ಇಳಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 11 ಲೀಟರ್ ಹತ್ತಿರ. ವಾಪಸ್ ಪೈಪಿನ ಬಾಯಿ ನೀರೊಳಗೆ ಹತ್ತು ಸೆಂ.ಮೀ. ಮುಳುಗಿದ್ದರೆ ಅದು ಸೈಫನ್ ಆಗಿ ನೂರು ಲೀಟರಿಗೂ ಹೆಚ್ಚು ಕೆಳಗೆ ಎಳೆದು ಹಾಲ್ ತುಂಬ ಹರಡುತ್ತದೆ. ಅದಕ್ಕೇ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಆ ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆದೆ: ನೀರು ಅಲ್ಲಿಗೆ ಇಳಿದೊಡನೆ ಗಾಳಿ ಒಳನುಗ್ಗಿ ಸೈಫನ್ ಮುರಿಯುತ್ತದೆ. ಆ ತೂತಿಗೆ ಪಾಚಿ ಕಟ್ಟಿಕೊಳ್ಳುತ್ತದೆ, ಆಗಾಗ ಕಡ್ಡಿ ಆಡಿಸಬೇಕು. ಸ್ವಿಚ್ ಆಫ್ ಮಾಡಿ ಸಂಪ್ ಎಷ್ಟು ತುಂಬುತ್ತದೆಂದು ನೋಡಿ, ಸಂಪಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೇನೆ, ಆ ಗೆರೆ ಮೀರಿ ಯಾರೂ ನೀರು ಸುರಿಯುವಂತಿಲ್ಲ. ಎಲ್ಲ ಪ್ಲಗ್‌ಗಳೂ ಕರೆಂಟ್ ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ಚಿನ ಹಿಂದೆ ಇವೆ. ವೈರ್‌ಗಳು ಪ್ಲಗ್‌ಗಿಂತ ಕೆಳಗೆ ಬಾಗಿ ಮೇಲೇರುವಂತೆ ಬಿಟ್ಟಿದ್ದೇನೆ, ಹನಿ ಜಾರಿದರೆ ಅಲ್ಲೇ ತೊಟ್ಟಿಕ್ಕಲಿ ಎಂದು.

ಕಲ್ಲಿಗೆ ಹಣ ಕೊಡಲಿಲ್ಲ. ನಮ್ಮೂರ ಸುತ್ತ ಗ್ರಾನೈಟಿಗೆ ಬರವೇ? ಮನೆ ಕಟ್ಟುವ ಕಡೆ ಬಿಸಾಡಿದ ದಿಂಡುಗಳನ್ನು ಕೇಳಿ ತಂದು ಉಜ್ಜಿ ತೊಳೆದೆ, ಗ್ರಾನೈಟ್ ನೀರಿಗೆ ಏನನ್ನೂ ಬಿಡುವುದಿಲ್ಲ. ಮೊದಲು ಅಡಿಗಾಜಿನ ಮೇಲೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಕಲ್ಲು, ಕೊನೆಗೆ ಜರಡಿ ಹಿಡಿದು ತೊಳೆದ ಮರಳು. ಈ ಕ್ರಮ ತಿರುಗಿಸಿದರೆ ಮೀನುಗಳು ಬುಡ ಕೆದಕಿ ಬಂಡೆ ಉರುಳಿಸುತ್ತವೆ. ಎಂ-ಸ್ಯಾಂಡ್ ಬೇಡ, ಚೂಪು ಮತ್ತು ಧೂಳು.

ಆಮೇಲೆ ಮೀನು ಬಿಡದೆ ಬರೀ ನೀರನ್ನೇ ಓಡಿಸುತ್ತ ಕಾಯಬೇಕು: ಮೀನಿನ ಕಸದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ಮೊದಲು ಫಿಲ್ಟರಿನಲ್ಲಿ ಬೆಳೆಯಬೇಕು. ಸ್ನೇಹಿತರ ಹಳೇ ಫಿಲ್ಟರಿನ ಸ್ಪಂಜು ಹಿಂಡಿ ಬ್ಯಾಕ್ಟೀರಿಯಾ ಬಿತ್ತಿ, 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಲೆಕ್ಕಕ್ಕೆ ಅಮೋನಿಯಾ ಹಾಕಿ, ನೀರು ಪರೀಕ್ಷೆಯ ಕಿಟ್‌ನಲ್ಲಿ ನೋಡುತ್ತ ಬಂದೆ. ಅಷ್ಟು ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ಬಂದರೆ ಟ್ಯಾಂಕ್ ಸಿದ್ಧ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಗಡಸು ನೀರಿನಲ್ಲಿ ಅವಸರ ಇನ್ನೂ ಅಪಾಯ: ಪಿಎಚ್ 8.2ರಲ್ಲಿ ವಿಷಕಾರಿ ರೂಪದ ಅಮೋನಿಯಾದ ಪಾಲು ಪಿಎಚ್ 7ಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು.

ಈಗ ಒಳಗಿರುವುದು ಹಳದಿ ಲ್ಯಾಬಿಡೋಕ್ರೋಮಿಸ್, ನೀಲಿ-ಕಪ್ಪು ಪಟ್ಟೆಯ ಡೆಮಸೋನಿ, ಕಂದು ನೇರಳೆಯ ರಸ್ಟಿ. ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣು, ಡೆಮಸೋನಿಯನ್ನು ಮಾತ್ರ ದೊಡ್ಡ ಗುಂಪಾಗಿ ಬಿಟ್ಟಿದ್ದೇನೆ, ಏಟು ಒಂದರ ಮೇಲೇ ಬೀಳದಿರಲಿ ಎಂದು. ಇವುಗಳಲ್ಲಿ ಡೆಮಸೋನಿ, ರಸ್ಟಿ ಮುಖ್ಯವಾಗಿ ಬಂಡೆಯ ಪಾಚಿ ಕೆರೆದು ತಿನ್ನುವ ಜೀವಗಳು. ಸ್ಪಿರುಲಿನಾ ಪಾಚಿಯ ಆಹಾರ ಸಾಕು, ಬ್ಲಡ್‌ವರ್ಮ್ ಹುಳು ಹಾಕಿದರೆ ಹೊಟ್ಟೆ ಉಬ್ಬರಿಸಿ ಸಾಯಬಹುದು. ಹೆಣ್ಣು ಮೊಟ್ಟೆ ಬಾಯಲ್ಲಿಟ್ಟುಕೊಂಡು ಮೂರು ವಾರ ಹೆಚ್ಚುಕಮ್ಮಿ ಉಪವಾಸ ಮಾಡುತ್ತದೆ. ದವಡೆ ಉಬ್ಬಿದ್ದು ಕಂಡರೆ ಅದೇ.

ಖರ್ಚಿನಲ್ಲಿ ಗಾಜಿಗಿಂತ ಪಂಪು, ಕಬ್ಬಿಣ, ಪೈಪಿನ ಬಿಡಿಭಾಗಗಳೇ ಹೆಚ್ಚು ನುಂಗಿದವು. 50 ವ್ಯಾಟಿನ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ 36 ಯೂನಿಟ್, ಚಳಿಗಾಲದ ರಾತ್ರಿಗಳಲ್ಲಿ ಹೀಟರ್ ಬೇರೆ. ಭಾನುವಾರ ಕಾಲುಭಾಗ ನೀರು ತೆಗೆದು ಹೊಸದು ತುಂಬುತ್ತೇನೆ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುತ್ತದಲ್ಲ, ಪೈಪ್ ನೇರ ಬಾಳೆಗಿಡದ ಬುಡಕ್ಕೆ ಹೋಗುತ್ತದೆ.