ಕೋವಿನ್ ಸರ್ಟಿಫಿಕೇಟ್ ಹಿಡಿದು ಮ್ಯೂನಿಕ್‌ನಿಂದ ವೆನಿಸ್, ಜ್ಯೂರಿಕ್: ನನ್ನ ಅನುಭವ

"ಭಾವ, ಬ್ರೆನರ್‌ನಲ್ಲೇ ನಿಮ್ಮನ್ನ ಇಳಿಸ್ತಾರೆ, ನೋಡ್ತಿರಿ." 2021ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ನಿಯಮಗಳ ನಡುವೆ, ನಾನೂ ನನ್ನಾಕೆಯೂ ರೈಲಿನಲ್ಲಿ ಇಟಲಿ, ಸ್ವಿಟ್ಜರ್ಲೆಂಡ್ ಸುತ್ತಲು ಹೊರಡುವ ಹಿಂದಿನ ದಿನ ನನ್ನ ಭಾವಮೈದ ಫೋನಿನಲ್ಲಿ ಹೇಳಿದ್ದು ಇದು. ಬ್ರೆನರ್ ಅಂದರೆ ಆಸ್ಟ್ರಿಯಾ-ಇಟಲಿ ಗಡಿ. ನಮ್ಮ ಹತ್ತಿರ ಇದ್ದದ್ದು ಭಾರತದ ಕೋವಿನ್ ಪೋರ್ಟಲ್‌ನ ಲಸಿಕೆ ಸರ್ಟಿಫಿಕೇಟ್. ಮ್ಯೂನಿಕ್‌ನ ನಮ್ಮ ಕನ್ನಡದ ಗೆಳೆಯರೂ ನಕ್ಕಿದ್ದರು. ನಗುವುದಕ್ಕೆ ಕಾರಣವೂ ಇತ್ತು ಬಿಡಿ. ಆಗಸ್ಟ್‌ನಲ್ಲಿ ನಾನು ಒಮ್ಮೆ ಮುಗ್ಗರಿಸಿದ್ದೆ.

ಆ ಕಥೆ ಮೊದಲು. 2021ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಇಬ್ಬರೂ ಕೋವಿಶೀಲ್ಡ್ ಹಾಕಿಸಿಕೊಂಡೆವು. ವಿದೇಶದಲ್ಲಿ ಕೆಲಸ ಇರುವವರಿಗೆ 84 ದಿನ ಕಾಯದೆ 28 ದಿನದ ಮೇಲೆ ಎರಡನೇ ಡೋಸ್ ಕೊಡಬಹುದು ಅಂತ ಜೂನ್‌ನಲ್ಲಿ ಆದೇಶ ಬಂತಲ್ಲ, ಅದರಲ್ಲಿ ಮುಗಿಸಿದೆವು. ಜರ್ಮನಿಗೆ ವಾಪಸ್ ಬರುವಾಗ ತೊಂದರೆ ಆಗಲಿಲ್ಲ. ಹಾಗಾಗಿ ಧೈರ್ಯ ಜಾಸ್ತಿ ಆಯಿತು. ನೇಪಲ್ಸ್‌ಗೆ ವಿಮಾನ ಬುಕ್ ಮಾಡಿದೆ. ವಿಮಾನ ನಿಲ್ದಾಣದ ಕೌಂಟರ್‌ನಲ್ಲಿದ್ದಾಕೆ ನನ್ನ ಕೋವಿನ್ ಕಾಗದ ತಿರುಗಿಸಿ ನೋಡಿ, "ಈ ಫೋಟೋ ನಿಮ್ಮದಲ್ಲವಲ್ಲ?" ಅಂದಳು. ಪ್ರಧಾನಿಯದು ಅಂತ ವಿವರಿಸಿದೆ. ಅದು ಆಕೆಗೆ ಇನ್ನೂ ವಿಚಿತ್ರ ಅನಿಸಿತು. ಆಗ ಇಟಲಿ ಕೋವಿಶೀಲ್ಡ್ ಒಪ್ಪುತ್ತಿರಲಿಲ್ಲ, ನಮ್ಮ ಹತ್ತಿರ ಟೆಸ್ಟ್ ರಿಸಲ್ಟ್ ಇರಲಿಲ್ಲ. ಹತ್ತಿಸಲಿಲ್ಲ. ಟಿಕೆಟ್, ಹೋಟೆಲ್ ಸೇರಿ ಹತ್ತಿರ ಹತ್ತಿರ 400 ಯೂರೋ ನೀರುಪಾಲು. ಮನೆಗೆ ವಾಪಸ್ ಹೋಗುವಾಗ ಎಸ್-ಬಾನ್ ಲೋಕಲ್ ರೈಲಿನಲ್ಲಿ ನನ್ನಾಕೆ ಒಂದು ಮಾತೂ ಆಡಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ನಾವೆಲ್ಲ ಲಸಿಕೆ ವಿಷಯಕ್ಕೇ ವಾದ ಮಾಡುತ್ತಾ ಇದ್ದೆವು. ಯಾವ ದೇಶ ಒಪ್ಪುತ್ತೆ, ಯಾವುದು ಒಪ್ಪಲ್ಲ, ಇದೇ ಚರ್ಚೆ. ಆದರೆ ಯುರೋಪಿನ ಕೋವಿಡ್ ಕ್ಯೂಆರ್ ಕೋಡ್ ಲಸಿಕೆಗೆ ಮಾತ್ರ ಅಲ್ಲ, ನೆಗೆಟಿವ್ ಟೆಸ್ಟ್‌ಗೂ ಸಿಗುತ್ತಿತ್ತು. ಅದನ್ನು ಅಲ್ಲಿನ ಎಲ್ಲಾ ದೇಶದ ಆ್ಯಪ್‌ಗಳೂ ಓದುತ್ತಿದ್ದವು. ಆಂಟಿಜೆನ್ ಟೆಸ್ಟ್ ಆದರೆ 48 ಗಂಟೆ ನಡೆಯುತ್ತಿತ್ತು. ಅಂದರೆ ಲಸಿಕೆ ಬದಿಗಿಟ್ಟು ಗಂಟೆ ಎಣಿಸಿಕೊಂಡು ಹೋಗಬೇಕು, ಅಷ್ಟೇ.

ಒಂದು ಎಕ್ಸೆಲ್ ಹಾಳೆ ಮಾಡಿದೆ. ಪ್ರತಿ ಅರ್ಧ ದಿನಕ್ಕೆ ಒಂದು ಸಾಲು. ಗಡಿಗೆ ಒಂದು ಕಾಲಂ, ರೈಲಿಗೆ ಒಂದು, ಊಟದ ಮೇಜಿಗೆ ಒಂದು. ಮೂರಕ್ಕೂ ನಿಯಮ ಬೇರೆ ಬೇರೆ ಇತ್ತು. ಎಲ್ಲರೂ ಎಡವಿದ್ದು ಇಲ್ಲೇ ಅಂತ ನನ್ನ ಅನಿಸಿಕೆ. ಇಟಲಿಯಲ್ಲಿ ಸೆಪ್ಟೆಂಬರ್ 1ರಿಂದ ದೂರದ ರೈಲುಗಳಿಗೆ ಗ್ರೀನ್ ಪಾಸ್, ಅಂದರೆ ಇದೇ ಕ್ಯೂಆರ್, ಬೇಕಿತ್ತು, ಪ್ರಾದೇಶಿಕ ರೈಲಿಗೆ ಬೇಡ. ರೆಸ್ಟೋರೆಂಟ್ ಒಳಗೆ ಕೂತು ತಿನ್ನಲು ಬೇಕು, ಹೊರಗಿನ ಮೇಜಿಗೆ ಬೇಡ, ಕೌಂಟರ್ ಹತ್ತಿರ ನಿಂತು ಕಾಫಿ ಕುಡಿಯಲು ಬೇಡ. ನಮ್ಮ ದರ್ಶಿನಿಗಳಲ್ಲಿ ನಿಂತು ಕುಡಿದ ಅಭ್ಯಾಸ ಕೈಕೊಡಲಿಲ್ಲ.

ಹೊರಡುವ ಎರಡು ದಿನ ಮುಂಚೆ, ಸೆಪ್ಟೆಂಬರ್ 23ಕ್ಕೆ, ಇಟಲಿಯೂ ಕೋವಿಶೀಲ್ಡ್ ಒಪ್ಪಿತು. ನಾನು ಪ್ಲಾನ್ ಬದಲಿಸಲಿಲ್ಲ. ಸರ್ಕಾರ ಒಪ್ಪಿದರೂ ವೇಟರ್‌ನ ಫೋನ್ ಒಪ್ಪಬೇಕಲ್ಲ. ಮನೆಯಲ್ಲಿ ಸುಮ್ನೆ ಪರೀಕ್ಷೆ ಮಾಡಿದ್ದೆ. ಕೋವಿನ್ ಕ್ಯೂಆರ್ ಅನ್ನು ಜರ್ಮನಿಯ ಕೋವ್‌ಪಾಸ್‌ಚೆಕ್, ಇಟಲಿಯ ವೆರಿಫಿಕಾಸಿ19, ಸ್ವಿಸ್ ಆ್ಯಪ್, ಮೂರಕ್ಕೂ ತೋರಿಸಿದೆ. ಒಂದೂ ಓದಲಿಲ್ಲ. ಕಾಗದವನ್ನು ಲ್ಯಾಮಿನೇಟ್ ಕೂಡ ಮಾಡಿಸಿ ನೋಡಿದೆ. ಬೆಳಕು ಹೊಳೆದು ಕ್ಯಾಮೆರಾಗೇ ಕಾಣಲಿಲ್ಲ. 5 ಯೂರೋ ದಂಡ.

ಶುಕ್ರವಾರ ಸಂಜೆ ಆರಕ್ಕೆ ಮ್ಯೂನಿಕ್‌ನಲ್ಲಿ ಟೆಸ್ಟ್. ಆಗ ಜರ್ಮನಿಯಲ್ಲಿ ಪುಕ್ಕಟೆ, ಅಕ್ಟೋಬರ್ 11ರಿಂದ ದುಡ್ಡು ಶುರುವಾಯಿತು. ಶನಿವಾರ ಬೆಳಿಗ್ಗೆ ಬ್ರೆನರ್ ಮೇಲೆ ವೆರೋನಾ ರೈಲು. ಆಸ್ಟ್ರಿಯಾದಲ್ಲಿ ಇಳಿಯದೆ ದಾಟಿದರೆ ಏನೂ ಕೇಳುವಂತಿರಲಿಲ್ಲ. ಇಟಲಿಯ ಡಿಪಿಎಲ್‌ಎಫ್, ಅಂದರೆ ಪ್ರಯಾಣಿಕರು ಆನ್‌ಲೈನ್‌ನಲ್ಲಿ ತುಂಬಬೇಕಿದ್ದ ಫಾರಂ, ಮಾತ್ರ ಕೈಕೊಟ್ಟಿತು. ತಾರೀಖು ತಪ್ಪು ತುಂಬಿದ್ದೆ. ತಿದ್ದಲು ಕೂತರೆ ಗುಡ್ಡದ ನಡುವೆ ಸಿಗ್ನಲ್ ಇಲ್ಲ. ಬೊಲ್ಜಾನೊ ಬರುವಷ್ಟರಲ್ಲಿ ಹೊಸ ಫಾರಂ ಬಂತು, ನನ್ನ ಶರ್ಟ್ ಒದ್ದೆಯಾಗಿತ್ತು.

ದೊಡ್ಡ ತಪ್ಪು ಭಾನುವಾರ ಗೊತ್ತಾಯಿತು. ಸಂಜೆ ಆರಕ್ಕೆ ಟೆಸ್ಟ್ ಅವಧಿ ಮುಗಿಯುತ್ತೆ, ವೆನಿಸ್‌ನಲ್ಲಿ ಔಷಧಿ ಅಂಗಡಿಯಲ್ಲಿ ಮಾಡಿಸಿದರಾಯಿತು ಅಂದುಕೊಂಡಿದ್ದೆ. ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತ ಹಾಳೆಯಲ್ಲಿ ಕಾಲಂ ಇರಲಿಲ್ಲ! ಆ ರಾತ್ರಿ ಮಳೆ. ಹೊರಗಿನ ಮೇಜಿನಲ್ಲಿ ಛತ್ರಿ ಕೆಳಗೆ ಪಿಜ್ಜಾ ತಿಂದೆವು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ವೆನಿಸ್ ಪಕ್ಕದ ಮೆಸ್ತ್ರೆಯಲ್ಲಿ ತಲಾ 15 ಯೂರೋ ಕೊಟ್ಟು ಟೆಸ್ಟ್ ಆಯಿತು.

ಅಲ್ಲಿ ಇನ್ನೊಂದು ಫಜೀತಿ. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ನಮ್ಮ ಕಡೆಯವರಿಗೆ ಇದು ಹೊಸದಲ್ಲ, ಇನಿಷಿಯಲ್ ಇಟ್ಟುಕೊಂಡು ಬದುಕಿದವರು. ಅವರ ಕಂಪ್ಯೂಟರ್ ಖಾಲಿ ಬಿಡಲು ಒಪ್ಪಲ್ಲ. ಏನಾದರೂ ತುಂಬಿದರೆ ಪಾಸ್‌ಪೋರ್ಟ್‌ಗೆ ತಾಳೆ ಆಗಲ್ಲ. ನಾನು ಅಲ್ಲಿ ಏನು ಬರೆಸಿದೆ ಅಂತ ಇಲ್ಲಿ ಹೇಳಲ್ಲ. ಬೇಕಾದವರು ಫೋನ್ ಮಾಡಿ, ಕಾಫಿ ಕೊಡಿಸಿದರೆ ಹೇಳುತ್ತೇನೆ. ಕೋವಿನ್‌ನಲ್ಲಿ ಹೆಸರು ತಿದ್ದಲು ಒಂದೇ ಅವಕಾಶ ಕೊಡುತ್ತಿದ್ದರು. ಅದನ್ನು ಅವಸರದಲ್ಲಿ ಹಾಳುಮಾಡಿಕೊಂಡವರನ್ನು ಬಲ್ಲೆ.

ಬುಧವಾರ ಮಿಲಾನ್‌ನಿಂದ ಬೆಳಗಿನ ರೈಲು. ಸೋಮವಾರದ ಟೆಸ್ಟ್ ಅವಧಿ ಹತ್ತಕ್ಕೆ ಮುಗಿಯುತ್ತಿತ್ತು, ಅದರೊಳಗೆ ಸ್ವಿಸ್ ಗಡಿಯ ಊರು ಕಿಯಾಸ್ಸೊ ದಾಟಬೇಕಿತ್ತು. ದಾಟಿದಾಗ ಇನ್ನೂ ಒಂದು ಗಂಟೆ ಮಿಕ್ಕಿತ್ತು. ಅದೇ ಥರದ ಸ್ವಿಸ್ ಫಾರಂ ಸೆಪ್ಟೆಂಬರ್ 20ರಿಂದ ರೈಲಿನವರಿಗೂ ಕಡ್ಡಾಯವಾಗಿತ್ತು, ಅದನ್ನು ಹಿಂದಿನ ರಾತ್ರಿಯೇ ತುಂಬಿದ್ದೆ. ಟೆಸ್ಟ್ ಅವಧಿ ಮುಗಿದಿದ್ದರಿಂದ ಜ್ಯೂರಿಕ್‌ನಲ್ಲಿ ಒಂದು ದಿನ ಪಾಸ್ ಇಲ್ಲದೆ ಕಳೆದೆವು. ಮಿಗ್ರೋಸ್ ಸೂಪರ್‌ಮಾರ್ಕೆಟ್‌ನ ಬ್ರೆಡ್, ರೂಮಿನ ಕೆಟಲ್‌ನಲ್ಲಿ ಅವಲಕ್ಕಿ, ಮನೆಯಿಂದ ತಂದ ಪುಳಿಯೋಗರೆ ಗೊಜ್ಜು. ಆ ಕಾಂಬಿನೇಷನ್ ಚೆನ್ನಾಗಿದೆ, ಮಾಡಿ ನೋಡಿ. ಗುರುವಾರ ಸಂಜೆ ತಲಾ ಸುಮಾರು 40 ಫ್ರಾಂಕ್ ಕೊಟ್ಟು ಕೊನೆಯ ಟೆಸ್ಟ್. ಅದೇ ಕ್ಯೂಆರ್‌ನಲ್ಲಿ ರಾತ್ರಿ ಒಳಗೆ ಕೂತು ಬಿಸಿ ಊಟ, ಮರುದಿನ ಲಿಂಡಾವ್ ಮೇಲೆ ಮ್ಯೂನಿಕ್.

ಟೆಸ್ಟ್ ಖರ್ಚು ಇಬ್ಬರಿಗೂ ಸೇರಿ 105 ಯೂರೋ ಆಗಿರಬೇಕು. ನಮ್ಮ ಗುಂಪಿನ ಒಬ್ಬರು ಪಿಸಿಆರ್ ನಂಬಿಕೊಂಡು ಒಬ್ಬರಿಗೇ ಅಷ್ಟು ಕೊಟ್ಟಿದ್ದರು. ಮಜಾ ಏನೆಂದರೆ, ಏಳು ದಿನದಲ್ಲಿ ಕ್ಯೂಆರ್ ಕೇಳಿದ್ದು ವೇಟರ್‌ಗಳು, ರೈಲಿನವರು. ಗಡಿಯಲ್ಲಿ ಪೊಲೀಸರು ಪಾಸ್‌ಪೋರ್ಟ್ ನೋಡಿ ಮುಂದೆ ಹೋದರು.

ಡಿಸೆಂಬರ್‌ನಲ್ಲಿ ಭಾವಮೈದನ ಫೋನ್. ಕ್ರಿಸ್‌ಮಸ್‌ಗೆ ಅವನಿಗೂ ಇಟಲಿ ನೋಡಬೇಕು, ನನ್ನ ಹಾಳೆ ಬೇಕಂತೆ. 16ರಿಂದ ಇಟಲಿ ಲಸಿಕೆ ಹಾಕಿಸಿದವರಿಗೂ ಟೆಸ್ಟ್ ಕಡ್ಡಾಯ ಮಾಡಿತ್ತು. ಇಟಲಿ ಗಡಿಯ ಕಾಲಂನಲ್ಲಿ 48 ಗಂಟೆ ಇದ್ದದ್ದನ್ನು 24 ಮಾಡಿ, ಭಾನುವಾರಕ್ಕೆ ಒಂದು ಕಾಲಂ ಸೇರಿಸಿ ಕಳಿಸಿದೆ.