ತ್ರಿಕೋನ ಕೆಂಪಿಲ್ಲ ಅಂದರೆ ಗರ್ಭಕ್ಕೂ ಅಪಾಯವಿಲ್ಲವೇ? ಮದ್ದಿನ ಡಬ್ಬಿ ಓದುವುದು ಹೀಗೆ

ಮೇ ಕೊನೆ ಬಂತೆಂದರೆ ಕೊಡಗಿನ ತೋಟಗಳಲ್ಲಿ ಕೊಳೆರೋಗದ ಮದ್ದಿನದೇ ಮಾತು. ಸಿದ್ದಾಪುರದ ಹತ್ತಿರದ ನಮ್ಮ ತೋಟದಲ್ಲೂ ಅಷ್ಟೇ. ಒಂದು ವರ್ಷ ಬ್ಯಾರೆಲ್ ಪಕ್ಕ ನಿಂತು ಪುಡಿ ಕದಡುತ್ತಿದ್ದ ಹೆಂಗಸು ಐದು ತಿಂಗಳ ಗರ್ಭಿಣಿ ಅಂತ ನನಗೆ ಗೊತ್ತಾಗಿದ್ದು ಸಂಜೆ. ಬರಿಗೈ, ಮೊಣಕೈತನಕ ಬಿಳಿ ಪುಡಿ. ಮೇಸ್ತ್ರಿ ಡಬ್ಬಿ ತಿರುಗಿಸಿ ತೋರಿಸಿದರು. "ಕೆಂಪು ತ್ರಿಕೋನ ಇಲ್ಲ ಅಲ್ವಾ, ಏನೂ ಆಗಲ್ಲ." ನಾನೂ ಅಲ್ಲಿಯವರೆಗೆ ಹಾಗೇ ನಂಬಿದ್ದೆ.

ಆ ನಂಬಿಕೆಯನ್ನು ಮೊದಲು ಬಿಡಬೇಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಹೇಳುವುದು ಒಂದೇ ಸಂಗತಿ: ಒಮ್ಮೆಗೇ ಹೊಟ್ಟೆಗೆ ಹೋದರೆ ಅಥವಾ ಚರ್ಮಕ್ಕೆ ತಗುಲಿದರೆ ಎಷ್ಟು ಮದ್ದು ಜೀವ ತೆಗೆಯುತ್ತದೆ ಅಂತ. ವೀರ್ಯಾಣು ಕಡಿಮೆಯಾಗುತ್ತದಾ, ಗರ್ಭ ನಿಲ್ಲದೆ ಹೋಗುತ್ತದಾ, ಮಗು ಊನವಾಗಿ ಹುಟ್ಟುತ್ತದಾ ಎಂಬ ಪ್ರಶ್ನೆಗೆ ಆ ಬಣ್ಣದಲ್ಲಿ ಉತ್ತರವೇ ಇಲ್ಲ.

ಉತ್ತರ ಬೇಕಾದರೆ ಡಬ್ಬಿಯ ಮುಂದಿನ ದೊಡ್ಡ ಹೆಸರು ಬಿಡಿ. ಅದು ಮಾರಾಟಕ್ಕೆ ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ರಾಸಾಯನಿಕದ ಹೆಸರು, ಪಕ್ಕದಲ್ಲಿ ಶೇಕಡಾವಾರು ಇರುತ್ತದೆ. ಅದನ್ನು ಬರೆದುಕೊಳ್ಳಿ. ನಮ್ಮ ಡಬ್ಬಿಯಲ್ಲಿದ್ದದ್ದು ಕಾರ್ಬೆಂಡಜಿಮ್, ಶೇ 50.

ಆಮೇಲೆ ಅದರ ಸುರಕ್ಷತಾ ಮಾಹಿತಿ ಪತ್ರ ಹುಡುಕಿ. ಅಂಗಡಿಯಲ್ಲಿ ಕೇಳಿದರೆ ಸಿಗದಿರಬಹುದು, ಮೊಬೈಲ್‌ನಲ್ಲಿ ರಾಸಾಯನಿಕದ ಹೆಸರಿನ ಜೊತೆ ಎಸ್‌ಡಿಎಸ್ ಅಂತ ಹಾಕಿದರೆ ಬರುತ್ತದೆ. ಹದಿನಾರು ಭಾಗಗಳಿರುತ್ತವೆ. ಎಲ್ಲ ಓದಬೇಕಿಲ್ಲ. 2ನೇ ಭಾಗ ಮತ್ತು 11ನೇ ಭಾಗ ಸಾಕು. ಎರಡನೆಯದರಲ್ಲಿ ಎಚ್ 360 ಅಂತಿದ್ದರೆ ಸಂತಾನಶಕ್ತಿಗೆ ಅಥವಾ ಗರ್ಭದ ಮಗುವಿಗೆ ಹಾನಿ ಮಾಡಬಹುದು ಎಂದರ್ಥ. ಎಚ್ 361 ಅಂದರೆ ಹಾನಿಯ ಅನುಮಾನವಿದೆ. ಎಚ್ 362 ಎದೆಹಾಲು ಕುಡಿಯುವ ಮಗುವಿನ ಬಗ್ಗೆ. ಸಂಖ್ಯೆಯ ಕೊನೆಗೆ ಎಫ್ ಇದ್ದರೆ ಸಂತಾನಶಕ್ತಿ, ಡಿ ಇದ್ದರೆ ಹೊಟ್ಟೆಯಲ್ಲಿರುವ ಮಗು. ಕೆಲವು ಪತ್ರಗಳಲ್ಲಿ ಈ ಸಂಖ್ಯೆಗಳೇ ಇರುವುದಿಲ್ಲ. ಹಾಗಂತ ನಿರಾಳವಾಗಬೇಡಿ. ಯುರೋಪಿನ ರಾಸಾಯನಿಕ ಸಂಸ್ಥೆಯ ಜಾಲತಾಣದಲ್ಲಿ ಅದೇ ಹೆಸರು ಹಾಕಿ ನೋಡಿ, ದುಡ್ಡು ಕೊಡಬೇಕಿಲ್ಲ. ಕಾರ್ಬೆಂಡಜಿಮ್‌ಗೆ ಅಲ್ಲಿ ಎಚ್ 360 ಇದೆ, ಕೊನೆಗೆ ಎಫ್ ಮತ್ತು ಡಿ ಎರಡೂ ಇವೆ.

ಇದನ್ನು ತಜ್ಞರು ಕಂಡುಹಿಡಿಯುವುದು ಹೇಗೆ? ಗರ್ಭದ ಇಲಿ, ಮೊಲಗಳಿಗೆ ಮೂರು ಬೇರೆ ಬೇರೆ ಪ್ರಮಾಣದಲ್ಲಿ ಮದ್ದು ಕೊಡುತ್ತಾರೆ. ಒಂದು ಗುಂಪಿಗೆ ಮದ್ದು ಕೊಡುವುದೇ ಇಲ್ಲ. ಒಂದೊಂದು ಗುಂಪಿನಲ್ಲಿ ಸುಮಾರು ಇಪ್ಪತ್ತು ತಾಯಿಯರು. ಹೆರುವ ಮುಂಚಿನ ದಿನ ಮರಿಗಳ ತೂಕ, ಮೂಳೆ, ಒಳಗಿನ ಅಂಗ ನೋಡುತ್ತಾರೆ. ಸಂತಾನಶಕ್ತಿಗೆ ಬೇರೆ ಪರೀಕ್ಷೆ, ಅದರಲ್ಲಿ ಗಂಡಿಗೂ ಹೆಣ್ಣಿಗೂ ಕೂಡುವ ಮೊದಲಿಂದಲೇ ಮದ್ದು ಕೊಡುತ್ತಾರೆ. ಇಲ್ಲಿ ಒಂದು ತೊಡಕಿದೆ. ತಾಯಿಗೇ ಹುಷಾರಿಲ್ಲದೆ ಮೇವು ಬಿಟ್ಟರೆ ಮರಿ ಸಣ್ಣದಾಗುವುದು ಸಹಜ. ಹಾಗಾಗಿ ಮೊದಲು ಕೇಳುವ ಪ್ರಶ್ನೆ, ತಾಯಿ ಗಟ್ಟಿಯಾಗಿದ್ದಾಗಲೂ ಮರಿಗೆ ಪೆಟ್ಟಾಯಿತಾ? ಆಗಿದ್ದರೆ ಮದ್ದು ನೇರವಾಗಿ ಮರಿಯನ್ನೇ ಹಿಡಿದಿದೆ. 11ನೇ ಭಾಗ ಓದುವಾಗ ನೀವೂ ಇದನ್ನೇ ನೋಡಿ.

ಯಾವ ಪ್ರಮಾಣದವರೆಗೆ ಏನೂ ತೊಂದರೆ ಕಾಣಲಿಲ್ಲವೋ, ಆ ಅಂಕಿಯೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞರು 2005ರಲ್ಲಿ ಕಾರ್ಬೆಂಡಜಿಮ್‌ಗೆ ಹಿಡಿದ ಅಂಕಿ, ಒಂದು ಕಿಲೋ ಮೈತೂಕಕ್ಕೆ 10 ಮಿಲಿಗ್ರಾಂ. ಅದನ್ನು ನೂರರಿಂದ ಭಾಗಿಸುತ್ತಾರೆ. ಇಲಿಗೂ ಮನುಷ್ಯರಿಗೂ ಇರುವ ವ್ಯತ್ಯಾಸಕ್ಕೆ ಹತ್ತು, ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸಕ್ಕೆ ಇನ್ನೊಂದು ಹತ್ತು. ಉಳಿದದ್ದು 0.1. ಐವತ್ತು ಕಿಲೋ ತೂಗುವ ಹೆಂಗಸಿಗೆ ಲೆಕ್ಕ ಹಾಕಿದರೆ, ಒಂದು ದಿನದಲ್ಲಿ ದಾಟಬಾರದ ಮಿತಿ 5 ಮಿಲಿಗ್ರಾಂ. ನಮ್ಮ ಪುಡಿಯಲ್ಲಿ ಅರ್ಧದಷ್ಟು ಮದ್ದು, ಅಂದರೆ 10 ಮಿಲಿಗ್ರಾಂ ಪುಡಿ. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ! ಚರ್ಮದ ಮೂಲಕ ಒಳಗೆ ಇಳಿಯುವುದು ಅದರಲ್ಲಿ ಸ್ವಲ್ಪ ಭಾಗ ಮಾತ್ರ, ನಿಜ. ಆದರೆ ಅದೇ ಕೈಯಲ್ಲಿ ಎಲೆ ಅಡಿಕೆ ಮಡಚಿ ಬಾಯಿಗೆ ಹಾಕಿಕೊಂಡರೆ? ಅವತ್ತು ಪುಡಿ ಕದಡಿದ ಆ ಹೆಂಗಸು ಮಧ್ಯಾಹ್ನದ ಬುತ್ತಿಯನ್ನೂ ಆ ಕೈಯಲ್ಲೇ ಬಿಚ್ಚಿದ್ದರು.

ಹೀಗೆ ಕೊನೆಯ ಲೆಕ್ಕ ಯಾವಾಗಲೂ ಜಾಗದ ಮೇಲೆ, ಜನರ ಮೇಲೆ ನಿಲ್ಲುತ್ತದೆ. ಯಾರು ಕದಡುತ್ತಾರೆ, ಯಾರು ಪೈಪ್ ಹಿಡಿಯುತ್ತಾರೆ, ಮದ್ದು ಹೊಡೆದ ಅಂಗಿಯನ್ನು ಕೂಲಿಯವರ ಲೈನ್ ಮನೆಯಲ್ಲಿ ಯಾರು ಒಗೆಯುತ್ತಾರೆ, ಖಾಲಿ ಡ್ರಮ್ಮಿನಲ್ಲಿ ಸ್ನಾನದ ನೀರು ತುಂಬುತ್ತಾರಾ, ಎಲ್ಲವನ್ನೂ ಬರೆಯಿರಿ. ಗಂಡಸರನ್ನೂ ಸೇರಿಸಿ. ಡಿಬಿಸಿಪಿ ಎಂಬ, ಮಣ್ಣಿನ ಜಂತುಹುಳು ಕೊಲ್ಲುವ ಮದ್ದು ಇಲಿಗಳ ವೃಷಣ ಕುಗ್ಗಿಸುತ್ತದೆ ಅಂತ 1961ರಲ್ಲೇ ಪ್ರಕಟವಾಗಿತ್ತು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1977ರಲ್ಲಿ ಆ ಮದ್ದು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯ ಕೆಲಸಗಾರರು ತಮಗೆ ಮಕ್ಕಳಾಗುತ್ತಿಲ್ಲವೆಂದು ತಾವೇ ಗಮನಿಸಿ ಪರೀಕ್ಷೆ ಮಾಡಿಸಿಕೊಂಡಾಗ ಸಂಗತಿ ಹೊರಬಂತು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹತ್ತಿರ ಬೇಕು. ಆದ್ದರಿಂದ ಇವತ್ತು ಮದ್ದು ಹೊಡೆದು ನಾಳೆ ಏನೂ ಆಗಲಿಲ್ಲ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಡಬ್ಬಿಯಲ್ಲಿ ಹೆಸರಿಲ್ಲದ ದ್ರಾವಕಗಳನ್ನೂ ಮರೆಯಬೇಡಿ. ಎನ್‌ಎಂಪಿ ಎಂಬ ದ್ರಾವಕ ಕೆಲವು ಕೀಟನಾಶಕಗಳಲ್ಲೂ ಇರುತ್ತದೆ. ಅದಕ್ಕೂ ಯುರೋಪಿನಲ್ಲಿ ಎಚ್ 360. ಮಾಹಿತಿ ಪತ್ರದ 3ನೇ ಭಾಗದಲ್ಲಿ ಹುಡುಕಿ.

ಎಚ್ 360 ಸಿಕ್ಕಿದ ಮದ್ದನ್ನು ಗರ್ಭಿಣಿಯರು, ಎದೆಹಾಲು ಕುಡಿಸುವವರು ಮುಟ್ಟದ ಹಾಗೆ ನೋಡಿಕೊಳ್ಳಿ. ಕೂಲಿ ಕಡಿತ ಮಾಡದೆ ಕಳೆ ತೆಗೆಯುವ ಕೆಲಸವೋ ನರ್ಸರಿಯ ಕೆಲಸವೋ ಕೊಡಿ, ಇಲ್ಲದಿದ್ದರೆ ಯಾರೂ ಗರ್ಭಿಣಿ ಅಂತ ಬಾಯಿಬಿಡುವುದಿಲ್ಲ. ಈಗ ನಮ್ಮಲ್ಲಿ ಪುಡಿ ಕದಡುವವರಿಗೆ ಮೊಣಕೈತನಕದ ರಬ್ಬರ್ ಗ್ಲೌಸ್ ಇದೆ, ಕೋಲು ಒಂದು ಮಾರು ಉದ್ದ. ಅಂಗಿಗಳನ್ನು ಗೋದಾಮಿನ ಹಿಂದೆ ಬೇರೆ ಬಕೆಟ್‌ನಲ್ಲಿ ಒಗೆಯುತ್ತೇವೆ. ಲೈನ್ ಮನೆಯ ಯಾರಾದರೂ ಗರ್ಭಿಣಿಯಾಗಿ ಡಾಕ್ಟರ ಹತ್ತಿರ ಹೊರಟರೆ, ಆ ವರ್ಷ ಹೊಡೆದ ಮದ್ದುಗಳ ಲೇಬಲ್ ಫೋಟೊ ಅವರ ಮೊಬೈಲ್‌ಗೆ ಹಾಕಿ ಕಳಿಸುತ್ತೇವೆ.