ಕೊನೆಯ ಅಕ್ಷರದಿಂದ ಇಂಗ್ಲಿಷ್ ಪದ ಹುಡುಕಿದ್ದು: ನನ್ನ ಅನುಭವ

ಇಂಗ್ಲಿಷ್ ಪದಬಂಧಕ್ಕೆ ಅಂತ ನಾನು ಇಟ್ಟುಕೊಂಡಿರುವ ನೋಟ್‌ಬುಕ್ಕಿನಲ್ಲಿ ಪದಗಳು ಎ ಬಿ ಸಿ ಕ್ರಮದಲ್ಲಿ ಇಲ್ಲ. ಮೊದಲು ಪದಕ್ಕೆ ಎಷ್ಟು ಅಕ್ಷರ ಅಂತ ಎಣಿಸುತ್ತೇನೆ, ಆಮೇಲೆ ಕೊನೆಯ ಅಕ್ಷರ ನೋಡುತ್ತೇನೆ. ಐದು ಅಕ್ಷರದ್ದು, ಎಫ್‌ನಲ್ಲಿ ಮುಗಿಯುವುದು ಒಂದು ಪುಟಕ್ಕೆ. ಆರು ಅಕ್ಷರದ್ದು, ವೈನಲ್ಲಿ ಮುಗಿಯುವುದು ಇನ್ನೊಂದಕ್ಕೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವಾಗ ಪೇಪರಿನ ಪದಬಂಧ ಬಿಡಿಸುವುದು ರೂಢಿಯಾಯಿತು. ನೋಟ್‌ಬುಕ್ ಶುರುವಾಗಿದ್ದೂ ಅಲ್ಲೇ.

ಕೊನೆಯ ಅಕ್ಷರವೇ ಯಾಕೆ? ಎಷ್ಟೋ ಸಲ ಉತ್ತರ ಗೊತ್ತಾಗುವ ಮೊದಲೇ ಸುಳಿವು ಅದನ್ನು ಹೇಳಿಬಿಡುತ್ತದೆ. ಸುಳಿವು ಬಹುವಚನದಲ್ಲಿದ್ದರೆ ಕೊನೆಗೆ ಎಸ್ ಇರುವ ಸಾಧ್ಯತೆ ಜಾಸ್ತಿ. ನಡೆದುಹೋದ ಮಾತಾದರೆ ಡಿ. ಕೆಲಸ ಮಾಡುವವನ ಹೆಸರಾದರೆ ಆರ್. ಹೇಗೆ ಮಾಡಿದ ಅಂತ ಕೇಳುತ್ತಿದ್ದರೆ ವೈ. ಮಾಡಿದನು, ಮಾಡಿದಳು, ಮಾಡುತ್ತಾರೆ ಅಂತ ಯಾರು, ಯಾವಾಗ ಅನ್ನುವುದನ್ನು ಪದದ ಕೊನೆಯಲ್ಲೇ ಕೇಳಿಸಿಕೊಂಡು ಬೆಳೆದವರು ನಾವು. ಆ ಅಭ್ಯಾಸ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಕೊನೆಯ ಚೌಕದಲ್ಲಿ ಪೆನ್ಸಿಲ್‌ನಿಂದ ತೆಳುವಾಗಿ ಬರೆದಿಡಿ. ಅದೇ ಚೌಕ ಮೇಲಿಂದ ಕೆಳಕ್ಕೆ ಬರುವ ಪದಕ್ಕೂ ಸೇರಿದ್ದರೆ ಅಲ್ಲೂ ಒಂದು ಅಕ್ಷರ ಸಿಕ್ಕಂತಾಯಿತು, ಅಲ್ವಾ? ತೆಳುವಾಗಿ ಅಂದದ್ದು ಯಾಕೆಂದರೆ ಟೀತ್, ಮೈಸ್, ಚಿಲ್ಡ್ರನ್ ಕೂಡ ಬಹುವಚನಗಳೇ. ಒಂದರ ಕೊನೆಗೂ ಎಸ್ ಇಲ್ಲ.

ನೋಟ್‌ಬುಕ್ಕಿನಲ್ಲಿ ನನಗೆ ಬಹಳ ಇಷ್ಟವಾದದ್ದು ಐದು ಅಕ್ಷರದ ಎಫ್ ಪುಟ. ಚೀಫ್, ಥೀಫ್, ಬ್ರೀಫ್, ಗ್ರೀಫ್. ನಾಲ್ಕರ ಕೊನೆಗೂ ಐ, ಇ, ಎಫ್. ಒಂದನ್ನು ಕಲಿತರೆ ಉಳಿದ ಮೂರರ ಸ್ಪೆಲಿಂಗ್ ಬಂದ ಹಾಗೇ. ಆಮೇಲೆ ಶೆಲ್ಫ್, ಸ್ಕಾರ್ಫ್, ಡ್ವಾರ್ಫ್. ಆಮೇಲೆ ಎರಡು ಎಫ್ ಇರುವ ಸ್ಟಾಫ್, ಕ್ಲಿಫ್, ಬ್ಲಫ್. ಇಷ್ಟೆಲ್ಲ ಬರೆದರೂ ಪುಟ ತುಂಬುವುದಿಲ್ಲ. ಹಾಗಾಗಿ ಇದು ನೆನಪಿನಲ್ಲಿ ಉಳಿಯುತ್ತದೆ.

ನಮ್ಮ ಓಣಿಯಲ್ಲಿ ರೂಮು ಮಾಡಿಕೊಂಡು, ಸಪ್ತಾಪುರಕ್ಕೆ ಕೋಚಿಂಗಿಗೆ ಹೋಗುವ ಹುಡುಗರಿದ್ದಾರೆ. ಅವರಲ್ಲೊಬ್ಬ ಈ ಪುಟ ನೋಡಿ ಕೇಳಿದ, "ಅಕ್ಕಾರ, ಲಾಫ್ ಯಾಕ ಬರದಿಲ್ರಿ ಇದರಾಗ?"

"ಸ್ಪೆಲಿಂಗ್ ಹೇಳು ನೋಡೂಣು," ಅಂದೆ.

"ಎಲ್, ಎ, ಯು, ಜಿ, ಎಚ್... ಅಯ್ಯ, ಎಚ್ ಐತಲ್ರಿ ಕೊನಿಗೆ!"

ಈ ಕೆಲಸದ ನಿಜವಾದ ಕಷ್ಟ ಇರುವುದೇ ಇಲ್ಲಿ. ನಾವು ಕೇಳಿದ್ದನ್ನೇ ಬರೆಯುವವರು. ಇಂಗ್ಲಿಷಿನಲ್ಲಿ ಲಾಫ್, ರಫ್, ಟಫ್, ಕಾಫ್ ಎಲ್ಲ ಎಫ್ ಅಂತ ಕೇಳಿಸುತ್ತವೆ, ಎಲ್ಲವೂ ಐದು ಅಕ್ಷರದವು, ಎಲ್ಲವೂ ಎಚ್‌ನಲ್ಲಿ ಮುಗಿಯುತ್ತವೆ. ಆ ಜಿ ಮತ್ತು ಎಚ್ ಒಂದು ಕಾಲದಲ್ಲಿ ಗಂಟಲಿನಿಂದ ಬರುವ ಒಂದು ಸದ್ದಾಗಿತ್ತು. ಆ ಸದ್ದು ಕೆಲವು ಪದಗಳಲ್ಲಿ ಎಫ್ ಆಯಿತು, ದೋ (though), ಬೌ (bough) ಥರದ ಪದಗಳಲ್ಲಿ ಪೂರ್ತಿ ಹೋಯಿತು. ಬರವಣಿಗೆ ಮಾತ್ರ ಹಾಗೇ ಉಳಿಯಿತು. ಇವುಗಳಿಗೆ ನಾನು ಬೇರೆ ಪುಟ ಇಟ್ಟಿದ್ದೇನೆ. ಕನ್ನಡ ಮಾಧ್ಯಮದವರು ಮೊದಲು ಬರೆಯಬೇಕಾದ ಪುಟ ಇದೇ ಅಂತ ನನಗನಿಸುತ್ತದೆ.

ಖಾಲಿ ಪುಟಗಳೂ ಪಾಠ ಹೇಳುತ್ತವೆ. ವಿ ಅಕ್ಷರದಲ್ಲಿ ಮುಗಿಯುವ ಪದ ಹುಡುಕಿದರೆ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಲವ್, ಗಿವ್, ಹ್ಯಾವ್ ಎಲ್ಲಕ್ಕೂ ಕೊನೆಗೆ ಇ ಇದೆ. ಹಿಂದೆ ಯು ಮತ್ತು ವಿ ಒಂದೇ ಅಕ್ಷರದ ಎರಡು ರೂಪಗಳಾಗಿದ್ದವು. ಇಲ್ಲಿರುವುದು ವ್ಯಂಜನ ವಿ ಅಂತ ತೋರಿಸಲು ಅದರ ನಂತರ ಒಂದು ಇ ಹಾಕುವ ರೂಢಿ ಬಂತು. ಇನ್ನು ಐದು ಅಕ್ಷರದ ಐ ಪುಟದಲ್ಲಿ ಖಾಕಿ, ಸುಶಿ, ಅಲಿಬಿ. ಒಂದು ನಮ್ಮ ಕಡೆಯದು, ಒಂದು ಜಪಾನಿನದು, ಇನ್ನೊಂದು ಲ್ಯಾಟಿನ್ನಿನದು. ಕೊನೆಗೆ ಐ ಬಂತೆಂದರೆ ಆ ಪದ ಹೊರಗಿನಿಂದ ಬಂದಿರಬಹುದು ಅಂತ ಯೋಚಿಸುತ್ತೇನೆ.

ಎರಡು ಪದದ ಉತ್ತರಗಳಲ್ಲಿ ಸುಳಿವಿನ ಪಕ್ಕ 4,2 ಅಂತ (ಮೊದಲ ಪದಕ್ಕೆ ನಾಲ್ಕು ಅಕ್ಷರ, ಎರಡನೆಯದಕ್ಕೆ ಎರಡು) ಇದ್ದು, ಕೊನೆಗೆ ಪಿ ಸಿಕ್ಕರೆ ಮೊದಲು ಅಪ್ ಹಾಕಿ ನೋಡಿ. ಗಿವ್ ಅಪ್, ವೇಕ್ ಅಪ್, ಪಿಕ್ ಅಪ್. 4,3 ಇದ್ದು ಕೊನೆಗೆ ಟಿ ಇದ್ದರೆ ಔಟ್: ಫೈಂಡ್ ಔಟ್, ವರ್ಕ್ ಔಟ್.

ಈಗ ಇದನ್ನೆಲ್ಲ ಎಕ್ಸೆಲ್‌ಗೆ ಹಾಕಿದ್ದೇನೆ. ಲೆನ್ ಫಾರ್ಮುಲಾ ಅಕ್ಷರ ಎಣಿಸುತ್ತದೆ, ರೈಟ್ ಫಾರ್ಮುಲಾ ಕೊನೆಯ ಅಕ್ಷರ ತೆಗೆದುಕೊಡುತ್ತದೆ. ಎರಡರ ಮೇಲೂ ಫಿಲ್ಟರ್ ಹಾಕಿದರೆ ಬೇಕಾದ ಪುಟ ರೆಡಿ. ಲೆನ್ ನಡುವಿನ ಜಾಗವನ್ನೂ ಎಣಿಸುತ್ತದೆ, ಗಿವ್ ಅಪ್‌ಗೆ 7 ಅನ್ನುತ್ತದೆ. ಸಬ್‌ಸ್ಟಿಟ್ಯೂಟ್‌ನಿಂದ ಆ ಜಾಗ ತೆಗೆದರೆ ಸರಿಯಾಗಿ 6 ಬರುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ, 1775ರಲ್ಲಿ, ಜಾನ್ ವಾಕರ್ ಎಂಬವರು ಲಂಡನ್ನಿನಲ್ಲಿ ಪ್ರಾಸ ಹುಡುಕುವವರಿಗಾಗಿ ಇಡೀ ನಿಘಂಟನ್ನು ಕೊನೆಯ ಅಕ್ಷರದ ಕ್ರಮದಲ್ಲಿ ಜೋಡಿಸಿದ್ದರು. ಪದಬಂಧವನ್ನು ಶುರುಮಾಡಿದ ಆರ್ಥರ್ ವಿನ್ ಅವರ ಮೊದಲ ಪದಬಂಧ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂದದ್ದು 1913ರ ಡಿಸೆಂಬರ್ 21ಕ್ಕೆ. ಅಷ್ಟು ಮುಂಚೆ ಎಲ್ಲವನ್ನೂ ಕೈಯಲ್ಲೇ ಜೋಡಿಸಿದ ವಾಕರ್ ಅವರ ತಾಳ್ಮೆ ನೆನೆದರೆ ಗೌರವ ಮೂಡುತ್ತದೆ.

ಎಸ್ ಪುಟಕ್ಕೆ ಬಹುವಚನಗಳನ್ನು ಸೇರಿಸಲೇಬೇಡಿ. ನಾಲ್ಕು ಅಕ್ಷರದ ಎಷ್ಟೋ ನಾಮಪದಗಳಿಗೆ ಎಸ್ ಹಚ್ಚಿದರೆ ಐದು ಅಕ್ಷರದ್ದೊಂದು ಸಿಗುತ್ತದೆ, ಸುಮ್ನೆ ಪುಟ ತುಂಬುತ್ತದೆ. ಏಕವಚನದಲ್ಲೇ ಎಸ್ ಇರುವ ಗ್ಲಾಸ್, ಲೋಟಸ್, ಬೋನಸ್, ವೈರಸ್, ಅಟ್ಲಾಸ್, ಕೇಯಾಸ್ ಇವನ್ನು ಮಾತ್ರ ಬರೆದಿಟ್ಟುಕೊಳ್ಳಿ. ಸುಳಿವು ಒಂದೇ ವಸ್ತುವಿನ ಬಗ್ಗೆ ಇದ್ದು ಕೊನೆಯ ಚೌಕದಲ್ಲಿ ಎಸ್ ಬಂದು ಕೂತಾಗ ಬೇಕಾಗುವುದು ಇವೇ.